ಉತ್ತರ ಕೊಟ್ಟ ಬೆರಳು

ಬೆಳಗಿನ ಏಳು ಗಂಟೆ. ಹೊರಗಿನ್ನೂ ಕಗ್ಗತ್ತಲು. ದೂರದ ಉತ್ತರದ ಬೋತ್ನಿಯಾ ಕೊಲ್ಲಿಯ ಈ ದಂಡೆಯಲ್ಲಿ ಜನವರಿಯ ಸೂರ್ಯನಿಗೆ ಏಳುವ ಅವಸರವೇ ಇಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗುನ್ವೋರ್ ಲುಂಡ್‌ಮಾರ್ಕ್ ಕೋಣೆಯ ದೀಪ ಆರಿಸುತ್ತಾಳೆ. ಮೇಜಿನ ಮೇಲೆ ಚಾಚಿಟ್ಟ ಕೈಯೊಂದರ ಮೇಲೆ ಲೇಸರಿನ ಕೆಂಪು ಬೆಳಕು ಸದ್ದಿಲ್ಲದೆ ಹರಡುತ್ತದೆ. ಪಕ್ಕದ ಪರದೆಯಲ್ಲಿ ಅದೇ ಕೈ ಮೂಡುತ್ತದೆ. ಉಗುರಿಲ್ಲ, ಮಚ್ಚೆಯಿಲ್ಲ, ಚರ್ಮದಡಿ ಹರಿಯುವ ರಕ್ತವಷ್ಟೇ. ಓಡುವ ಕಡೆ ಕೆಂಪು, ತೆವಳುವ ಕಡೆ ನೀಲಿ. ಮನುಷ್ಯ ಮಿಸುಕದೆ ಮಲಗಿದ್ದರೂ ಪರದೆಯ ಕೈ ಕುದಿಯುತ್ತಲೇ ಇರುತ್ತದೆ.

"ಶುರುನಲ್ಲಿ ನನಗೂ ಭಯ ಆಗ್ತಿತ್ತು" ಎನ್ನುತ್ತಾಳೆ ಗುನ್ವೋರ್. "ಮನೇಲಿ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ತಾ ಇದ್ರೆ ಅವನ ಕೈಯೊಳಗಿನ ರಕ್ತವೇ ಕಣ್ಮುಂದೆ ಬರೋದು. ಊಟ ಸೇರ್ತಿರಲಿಲ್ಲ."

ಈಗ ಅವಳಿಗೆ ಅರವತ್ತರ ಹತ್ತಿರ. ಮೊದಲು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ಬೆನ್ನು ಕೈಕೊಟ್ಟಿತು. ಅದೇ ವರ್ಷ ಈ ಯಂತ್ರ ಬಂತು, ಕತ್ತಲೆ ಕೋಣೆಯಲ್ಲಿ ಒಬ್ಬರೇ ಕೂರಲು ಬೇರೆ ಯಾರೂ ಒಪ್ಪಲಿಲ್ಲ. ತರಬೇತಿ ಪಡೆದು ಕೂತವಳು ಇಂದಿಗೂ ಎದ್ದಿಲ್ಲ. ದಿನಕ್ಕೆ ಐದಾರು ಮಂದಿ ಬರುತ್ತಾರೆ. ಸುಟ್ಟ ತೋಳು, ಸಕ್ಕರೆ ಕಾಯಿಲೆಯ ಪಾದ, ಚಳಿಗೆ ಸೆಟೆದು ಕಪ್ಪಾದ ಬೆರಳು. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎನ್ನುವುದಕ್ಕೆ ಸರ್ಜನ್ನರು ಅವಳ ಚಿತ್ರವನ್ನೇ ಮುಂದಿಟ್ಟುಕೊಳ್ಳುತ್ತಾರೆ. ವಾಸಿಯಾದವರು ಹೂಗುಚ್ಛ ಕೊಡುವುದು ಮಾತ್ರ ಮೇಲಿನ ಮಹಡಿಯ ಸರ್ಜನ್ನರಿಗೆ.

"ಸೂಜಿ ಚುಚ್ಚಲ್ಲ, ರಕ್ತ ಚೆಲ್ಲಲ್ಲ. ಇದೂ ಒಂದು ಕೆಲಸ ಅಂತ ಯಾರಿಗೂ ಅನ್ಸೋದೇ ಇಲ್ಲ."

ಅವಳ ಕೋಣೆಯ ಕಟ್ಟಳೆಗಳು ಬಿಗಿ. ಬರುವ ಮುನ್ನ ಕಾಫಿ ಕುಡಿಯುವಂತಿಲ್ಲ, ತುಟಿಯಡಿ ತಂಬಾಕು ಇಡುವಂತಿಲ್ಲ, ಚಿತ್ರ ತೆಗೆಯುವಾಗ ಬಾಯಿ ಬಿಡುವಂತಿಲ್ಲ. ಅದರಲ್ಲೂ 'ಹೌದು' ಎನ್ನಲೇಬಾರದು. ಈ ಸೀಮೆಯವರು ಹೌದು ಎಂದು ಹೇಳುವುದಿಲ್ಲ, ಸರ್ರನೆ ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ, ಅದೇ ಹೌದು. ಹಾಗೆ ದೀರ್ಘವಾಗಿ ಎಳೆದರೆ ಬೆರಳಿನ ರಕ್ತನಾಳಗಳು ಮುದುಡಿ ಪರದೆಯ ಮೇಲೆ ನೀಲಿ ಅಲೆಯೊಂದು ಹಾದುಹೋಗುತ್ತದೆ. ಮೊದಮೊದಲು ಯಂತ್ರವೇ ಕೆಟ್ಟಿದೆ ಎಂದುಕೊಂಡು ದಕ್ಷಿಣದಿಂದ ರಿಪೇರಿಯವನನ್ನು ಕರೆಸಿದ್ದರು. ಅವನು ದಿನವಿಡೀ ತನ್ನ ಕೈಯನ್ನೇ ಇಟ್ಟು ನೋಡಿದ, ಒಂದು ಅಲೆಯೂ ಬರಲಿಲ್ಲ. ಬರುವುದಾದರೂ ಹೇಗೆ, ಆ ಕಡೆಯವರು ಹೌದು ಎನ್ನುವುದು ಬಾಯಿ ಬಿಟ್ಟು.

ಇನ್ನೊಂದು ಸಂಗತಿಯನ್ನು ಅವಳು ದನಿ ತಗ್ಗಿಸಿ ಹೇಳುತ್ತಾಳೆ. "ಸತ್ತ ಚರ್ಮಾನೂ ಪೂರ್ತಿ ಸುಮ್ನಿರಲ್ಲ. ರಕ್ತ ನಿಂತಿದ್ರೂ ಪರದೇಲಿ ಏನೋ ಒಂಚೂರು ಮಿಸುಕ್ತಾ ಇರುತ್ತೆ. ಅದು ಜೀವವೋ, ಬರೀ ಮಿಸುಕಾಟವೋ, ಗೊತ್ತಾಗಲ್ಲ."

ಕಳೆದ ಚಳಿಗಾಲ ತೂರೆ ಎಂಬ ದೋಣಿ ಕಟ್ಟುವವನ ವಿಷಯದಲ್ಲಿ ಆದದ್ದೂ ಇದೇ. ಗೆಳೆಯ ಯಾರ್ಲ್ ಜೊತೆ ಹಿಮದ ಮೇಲೆ ಓಡುವ ಸ್ಕೂಟರಿನಲ್ಲಿ ಹೆಪ್ಪುಗಟ್ಟಿದ ಕೊಲ್ಲಿ ದಾಟುವಾಗ ಮಂಜುಗಡ್ಡೆ ಬಾಯಿಬಿಟ್ಟಿತು. ತೂರೆ ಅಂಚಿಗೆ ಆತುಕೊಂಡು ನೀರಿಗೆ ಬಿದ್ದ ಯಾರ್ಲ್‌ನ ಕೊರಳಪಟ್ಟಿಯನ್ನು ಬಲಗೈಯಿಂದ ಹಿಡಿದ, ಜನ ಬರುವವರೆಗೂ ಬಿಡಲಿಲ್ಲ. ಬಂದವರು ಎಳೆದದ್ದು ಹೆಣವನ್ನು. ತೂರೆಯ ತೋರುಬೆರಳು, ನಡುಬೆರಳು ಕಪ್ಪಾಗಿದ್ದವು. ಎರಡೂ ಹೋದರೆ ಅವನು ಉಳಿ ಹಿಡಿಯುವಂತಿಲ್ಲ.

ವಾರಗಳು ಕಳೆದರೂ ಚಿತ್ರದಲ್ಲಿ ಎರಡು ಬೆರಳೂ ಒಂದೇ ಸಮ, ಕಡುನೀಲಿಯಲ್ಲಿ ಕಂಡೂ ಕಾಣದ ಮಿಣುಕು. ಸರ್ಜನ್ ಹೆನ್ನಿಂಗ್ ಪರದೆಯ ಮುಂದೆ ಬಹಳ ಹೊತ್ತು ಕೂತ.

"ಸತ್ತ ಮಿಸುಕಾಟ ಅನ್ಸುತ್ತೆ, ಗುನ್ವೋರ್. ನಿನಗೆ?"

"ನನಗೂ ಗೊತ್ತಾಗ್ತಿಲ್ಲ, ಹೆನ್ನಿಂಗ್."

"ಇನ್ನೊಂದ್ಸಲ ಚಿತ್ರ ತೆಗಿ. ಹೀಗೇ ಇದ್ರೆ ಗುರುವಾರ ಎರಡನ್ನೂ ತೆಗೆದುಬಿಡ್ತೀನಿ."

ಆ ಇನ್ನೊಂದು ಸಲದಲ್ಲಿ ಗುನ್ವೋರ್ ತನ್ನ ಕಟ್ಟಳೆಯನ್ನು ತಾನೇ ಮುರಿದಳು. ಕತ್ತಲಲ್ಲಿ ಮಲಗಿದ್ದ ತೂರೆಯ ಕಡೆ ಬಾಗಿದಳು.

"ಮಂಜುಗಡ್ಡೆ ಮೇಲೆ ಅಷ್ಟು ಹೊತ್ತೂ ಯಾರ್ಲ್ ಜೊತೆ ಮಾತಾಡ್ತಿದ್ಯಾ?" ಎಂದು ಕೇಳಿಬಿಟ್ಟಳು.

ತೂರೆ ಸರ್ರನೆ ಉಸಿರೆಳೆದುಕೊಂಡ, ಆಳಕ್ಕೆ.

"ಇದ್ದೀಯೇನೋ ಅಂತ ನಾನು ಕೇಳೋದು, ಅವನು ಉಸಿರೆಳೆದು ಹೂಂ ಅನ್ನೋದು. ಕೊನೇತನಕ ಅಂದ" ಎಂದ. "ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಅವನ ಜೀವ ಹೋಗಿತ್ತು ಅಂತಾರೆ ಡಾಕ್ಟರು. ಮತ್ತೆ ನನಗೆ ಅಷ್ಟು ಹೊತ್ತು ಉತ್ತರ ಕೊಟ್ಟೋರು ಯಾರು?"

 ಗುನ್ವೋರ್ ಕಣ್ಣು ಪರದೆಯ ಮೇಲಿತ್ತು. ತೂರೆಯ ಉಸಿರಿನ ಬೆನ್ನಿಗೇ ನೀಲಿ ಅಲೆ ಬಂದಿತ್ತು. ಚೆನ್ನಾಗಿದ್ದ ಬೆರಳುಗಳು ಮಂಕಾದವು. ಅವುಗಳ ಜೊತೆ ತೋರುಬೆರಳಿನ ಮಿಣುಕೂ ಆರಿತು, ನಾಲ್ಕಾರು ಕ್ಷಣ ಬಿಟ್ಟು ಮತ್ತೆ ಹೊತ್ತಿತು. ನಡುಬೆರಳಿನದು ಮಾತ್ರ ಇದ್ದ ಹಾಗೇ ಇತ್ತು.

"ಆಗ ಗೊತ್ತಾಯ್ತು" ಎನ್ನುತ್ತಾಳೆ. "ಸತ್ತಿದ್ದು ಏನು ಕೇಳಿದ್ರೂ ತನ್ನ ಪಾಡಿಗೆ ಮಿಸುಕ್ತಾ ಇರುತ್ತೆ. ತೋರುಬೆರಳಿಗೆ ಯಾರ್ಲ್ ಹೆಸರು ಕೇಳಿಸಿತ್ತು."

ಅವಳು ಹೆನ್ನಿಂಗ್‌ನನ್ನು ಕರೆದಳು. ಅವನ ಎದುರಿಗೆ ಮತ್ತೆ ಮತ್ತೆ ಕೇಳಿದಳು, ತೂರೆ ಮತ್ತೆ ಮತ್ತೆ ಉಸಿರೆಳೆದ. ಪ್ರತಿ ಸಲವೂ ಅದೇ ಬೆರಳು ಆರಿತು, ಅದೇ ಬೆರಳು ಹೊತ್ತಿತು. ಗುರುವಾರ ನಡುಬೆರಳು ಹೋಯಿತು. ತೋರುಬೆರಳನ್ನು ಬಿಟ್ಟು ಕಾದರು.

ಕಾದದ್ದು ಸಾರ್ಥಕವಾಯಿತು. ಉಗುರು ಉದುರಿದೆ, ತುದಿ ಸೊಟ್ಟಗಿದೆ, ಆದರೂ ತೂರೆ ಉಳಿ ಹಿಡಿಯುತ್ತಾನೆ. ಇದರಲ್ಲಿ ತನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಬಾಯಿ ತಡೆಯಲಾರದೆ ಕೇಳಿದೆ ಅಷ್ಟೇ ಎಂದು ಗುನ್ವೋರ್ ಕೈಯಲ್ಲಾಡಿಸುತ್ತಾಳೆ. ಯಾರ್ಲ್ ವಿಷಯ ಕೇಳಿದಂದಿನಿಂದ ಆ ಕೋಣೆಯಲ್ಲಿ ಒಬ್ಬಳೇ ಕೂತಾಗ ಹಿಂದಿನಿಂದ ಯಾರೋ ಉಸಿರೆಳೆದಂತೆ ಆಗುತ್ತದಂತೆ, ತಿರುಗಿ ನೋಡುವುದನ್ನು ಬಿಟ್ಟಿದ್ದಾಳೆ.

ಕೊನೆಯ ಚಿತ್ರಕ್ಕೆ ತೂರೆ ಬಂದದ್ದು ಏಪ್ರಿಲ್‌ನಲ್ಲಿ. ಅದನ್ನು ಹೇಳುವಾಗ ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ.

"ಮುಟ್ಟಿದ್ರೆ ರಕ್ತದ ಓಟ ಬದಲಾಗುತ್ತೆ. ಅದಕ್ಕೇ ಇಷ್ಟು ವರ್ಷ ಇಲ್ಲಿ ಯಾರ ಕೈಯನ್ನೂ ಮುಟ್ಟಿದವಳಲ್ಲ ನಾನು. ಅವತ್ತು ಚಿತ್ರ ಮುಗಿದ ಮೇಲೆ ಅವನೇ ಕೈ ಚಾಚ್ದ. ಹಿಡ್ಕೊಂಡೆ. ಆ ಬೆರಳು ಬೆಚ್ಚಗಿತ್ತು. ಎಷ್ಟು ಹೊತ್ತಾದ್ರೂ ಅವನು ಬಿಡ್ಲಿಲ್ಲ. ನಾನೂ ಬಿಡಿಸ್ಕೊಳ್ಳಲಿಲ್ಲ."