ಮ್ಯೂನಿಕ್‌ನಲ್ಲಿ ನುಂಗಿದ ಆಲೂಗಡ್ಡೆ ಮುದ್ದೆ

ಗೆಳೆಯರೇ, ಇವತ್ತು ಜರ್ಮನಿಯ ಮ್ಯೂನಿಕ್‌ನಲ್ಲಿ ಪಾಂಡವಪುರದ ಮರ್ಯಾದೆ ಕಳೆದೆ. ಮಾರುಕಟ್ಟೆ ಪಕ್ಕದ ಪುಟ್ಟ ಹೋಟೆಲು. ಬೆಳಿಗ್ಗೆ ಮಾರುಕಟ್ಟೆಗೆ ಬಂದ ತರಕಾರಿಯಲ್ಲೇ ಅಲ್ಲಿ ಮಧ್ಯಾಹ್ನದ ಅಡುಗೆ. ಅಣಬೆ ಸಾರಿನ ನಡುವೆ ಆಲೂಗಡ್ಡೆಯ ದೊಡ್ಡ ಉಂಡೆ ಬಂತು. ಎಂಟು ದಿನದಿಂದ ರಾಗಿಮುದ್ದೆ ಕಾಣದವನು ನಾನು. ಕೈಯಲ್ಲೇ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ. ಗಂಟಲಿಗೆ ಸಿಕ್ಕಿಕೊಂಡಿತೆಂದು ಹೆದರಿದ ಹೋಟೆಲಿನ ಅಜ್ಜಿ ಓಡಿಬಂದು ಬೆನ್ನಿಗೆ ಗುದ್ದತೊಡಗಿದರು.

"ಏನೂ ಆಗಿಲ್ಲ ಕಣವ್ವ, ನಮ್ ಕಡೆ ಇಂಗೇ ನುಂಗದು" ಎಂದೆ, ಕನ್ನಡದಲ್ಲೇ. ಗುದ್ದು ಇನ್ನೂ ಜೋರಾಯಿತು.

ಜೊತೆಗಿದ್ದ ಗೆಳೆಯ ನಿಂಗೇಗೌಡ, "ಸುಮ್ನೆ ಬಾಯಾಡ್ಸ್ಲಾ, ಅಗಿತಾವ್ನೆ ಅಂದ್ಕಂಡು ಬುಟ್ಬುಡ್ತಾರೆ" ಎಂದ. ಖಾಲಿ ಬಾಯನ್ನು ಹಸುವಿನಂತೆ ಆಡಿಸಿದೆ. ಅಜ್ಜಿ ಕೆನ್ನೆ ತಟ್ಟಿ, ಉಳಿದ ಉಂಡೆಯನ್ನು ಕೂಸಿಗೆ ಕೊಡುವಂತೆ ಚೂರುಚೂರು ಮಾಡಿಕೊಟ್ಟರು.

ಗಂಟಲು ಚೆನ್ನಾಗಿದೆ. ಬೆನ್ನಿಗೆ ನಿಂಗೇಗೌಡ ಮುಲಾಮು ತಿಕ್ಕುತ್ತಿದ್ದಾನೆ.