ಅರಿವೆ ತುರುಕಿದ ತುತ್ತೂರಿ

ಬ್ಯಾಂಡಿನಲ್ಲಿ ಬಾಸು ಊದುವವನ ಕೋಟು ಎಡತೋಳಿನ ಕೆಳಗೆ ಮೊದಲು ಹರಿಯುತ್ತದೆ. ಆ ದೊಡ್ಡ ಹಿತ್ತಾಳೆಯ ತುತ್ತೂರಿ ಒರಗುವುದು ಅಲ್ಲಿಯೇ, ಒಳಗೆ ನಿಂತ ಉಗುಳಿನ ನೀರು ಬೆಸುಗೆ ಬಿಟ್ಟ ಸಂದಿನಿಂದ ಸೋರುವುದೂ ಅಲ್ಲಿಗೇ. ಕೊಲ್ಹಾಪುರದ ಒಂದು ಮದುವೆ ಬ್ಯಾಂಡಿನಲ್ಲಿ ನಾನು ಬಹಳ ವರ್ಷ ಬಾಸು ಊದಿದೆ. ಆ ಕೋಟಿನ ವಾಸನೆ, ಹಳೆಯ ಬೆವರು, ಹಿತ್ತಾಳೆಯ ಕಿಲುಬು, ಯಾರದೋ ಬಾಯಿಯ ತಂಬಾಕು, ಈಗಲೂ ಮದುವೆಯ ಮಂಟಪದ ಹತ್ತಿರ ಹೋದರೆ ಮೂಗಿಗೆ ಬರುತ್ತದೆ. ಊಟ ಸೇರುವುದಿಲ್ಲ.

ನಮ್ಮದು ನೇಸರಿಯ ಕಡೆಯ ಸನಾದಿಯ ಮನೆತನ. ಸನಾದಿ ಇಬ್ಬರ ವಾದ್ಯ: ಒಬ್ಬ ಹಾಡು ನುಡಿಸುತ್ತಾನೆ, ಇನ್ನೊಬ್ಬ ಅದರ ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ. ಅದನ್ನು ನಮ್ಮಲ್ಲಿ ಸೂರು ಹಿಡಿಯುವುದು ಎನ್ನುತ್ತಾರೆ. ನಮ್ಮಪ್ಪ ಜೀವನವಿಡೀ ಸೂರು ಹಿಡಿದವನು. ಯಾರೂ ಅವನನ್ನು ಹೊಗಳಲಿಲ್ಲ, ಆದರೆ ಅವನಿಗೆ ಜ್ವರ ಬಂದ ದಿನ ಹಾಡು ನುಡಿಸುವವನು ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಊರುಗಳಲ್ಲಿ ಸನಾದಿಯ ಕರೆ ಕಡಿಮೆಯಾಗಿ, ಎಲ್ಲರಿಗೂ ಕೋಟು ಟೊಪ್ಪಿಗೆಯ ಬ್ಯಾಂಡು ಬೇಕಾದಾಗ ನಾನು ಕೊಲ್ಹಾಪುರಕ್ಕೆ ಬಂದೆ. ಬ್ಯಾಂಡಿನ ಮಾಲಕ ನನ್ನ ಎದೆಯ ಅಗಲ ನೋಡಿ ಬಾಸು ಕೊಟ್ಟ. ನನಗೆ ಸಂತೋಷವಾಗಿತ್ತು. ಇದೂ ಸೂರು ಹಿಡಿಯುವ ಕೆಲಸವೇ, ವಾದ್ಯ ಮಾತ್ರ ದೊಡ್ಡದು ಎಂದುಕೊಂಡಿದ್ದೆ.

ಆ ಸಂತೋಷ ಮೊದಲನೆಯ ಹಂಗಾಮಿನಲ್ಲೇ ಕರಗಿತು. ಮದುವೆ ಮನೆಯವರು ಬ್ಯಾಂಡನ್ನು ಕೇಳಿ ಗೊತ್ತು ಮಾಡುತ್ತಿರಲಿಲ್ಲ, ನೋಡಿ ಗೊತ್ತು ಮಾಡುತ್ತಿದ್ದರು. ಎಷ್ಟು ಕೋಟು ಬರುತ್ತವೆ ಎಂಬುದೊಂದೇ ಅವರ ಪ್ರಶ್ನೆ. ಆದ್ದರಿಂದ ಮಾಲಕ ಗುಜರಿಯಿಂದ ತೂತುಬಿದ್ದ ತುತ್ತೂರಿಗಳನ್ನು ತಂದು, ಹುಣಸೆಹಣ್ಣಿನಿಂದ ಬೆಳಗಿ, ಊದಲು ಬಾರದವರ ಕೈಗೆ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಿದ್ದ. ಚಪ್ಪಲಿ ಹೊಲಿಯುವವರು, ಬೆಲ್ಲದ ಪೇಟೆಯ ಹಮಾಲರು, ಕೆಲಸ ಬಿಟ್ಟ ಗಿರಣಿಯವರು. ಅವರನ್ನು ನಾವು ‘ಬರೀ ಕೋಟಿನವರು’ ಎನ್ನುತ್ತಿದ್ದೆವು. ಅವರು ಹುರುಪಿನಲ್ಲಿ ಊದಿಬಿಡಬಾರದೆಂದು ತುತ್ತೂರಿಯ ಕೊಳವೆಯೊಳಗೆ ಅರಿವೆ ತುರುಕಿ ಅರಗು ಹಾಕುತ್ತಿದ್ದರು. ಅವರು ಗಲ್ಲ ಉಬ್ಬಿಸಿದರೆ ಸಾಕಿತ್ತು. ಜನ ಗಲ್ಲವನ್ನೇ ನೋಡಿ ತಲೆದೂಗುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಹೊಟ್ಟೆಯ ಪಾಡು. ತಲೆದೂಗುವವರನ್ನು ಕಂಡರೆ ಮಾತ್ರ ವಾಕರಿಕೆ ಬರುತ್ತಿತ್ತು.

ಬಾಯಿಗಿಡುವ ಮೌತ್‌ಪೀಸುಗಳನ್ನು ಒಂದು ಬುಟ್ಟಿಯಲ್ಲಿ ಹಾಕಿ ಒಯ್ಯುತ್ತಿದ್ದರು. ಸಿಕ್ಕವನು ಸಿಕ್ಕದ್ದನ್ನು ತೆಗೆದುಕೊಂಡು ಧೋತರದ ಚುಂಗಿನಲ್ಲಿ ಒರೆಸಿ ಬಾಯಿಗಿಡುತ್ತಿದ್ದ. ನಾನು ಮತ್ತು ಮಾಸ್ತರರು ಮಾತ್ರ ನಮ್ಮ ನಮ್ಮದನ್ನು ಅರಿವೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆವು. ಇದನ್ನು ಇಲ್ಲಿ ಹೇಳಲು ಕಾರಣವಿದೆ, ಮುಂದೆ ತಿಳಿಯುತ್ತದೆ.

ಮಾಸ್ತರರು ನಮ್ಮ ಬ್ಯಾಂಡಿನ ಕಾರ್ನೆಟ್ ನುಡಿಸುವವರು. ಕಾರ್ನೆಟ್ ಎಂದರೆ ಮೂರು ಗುಂಡಿಗಳ ಸಣ್ಣ ತುತ್ತೂರಿ, ಹಾಡು ಹೇಳುವುದು ಅದೇ. ಗಡಹಿಂಗ್ಲಜದವರು, ಗಾಂಭೀರ್ಯದ ಮನುಷ್ಯ, ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಬ್ಯಾಂಡಿಗೆ ಕರೆ ಬರುತ್ತಿದ್ದುದೇ ಅವರ ಹೆಸರಿನಿಂದ. ಹೆಣ್ಣು ತವರಿನ ಹೊಸ್ತಿಲು ದಾಟುವಾಗ ಅವರು ಒಬ್ಬರೇ ಒಂದು ಹಾಡು ನುಡಿಸುತ್ತಿದ್ದರು. ನಮ್ಮ ಕಡೆ ಹೆಂಗಸರು ಹೆಣ್ಣು ಒಪ್ಪಿಸುವಾಗ ಹೇಳುವ ಹಾಡು ಅದು. ಕೆಳಗೆ ನನ್ನ ಬಾಸಿನ ಸೂರು, ಬೇರೇನೂ ಇಲ್ಲ. ನಾನು ಆ ಕೆಲಸದಲ್ಲಿ ಸಂಗೀತವೆಂದು ಕರೆಯಬಹುದಾದದ್ದನ್ನು ಕೇಳಿದ್ದು ಅಷ್ಟೇ ಹೊತ್ತು. ಉಳಿದದ್ದು ಸಿನಿಮಾ ಹಾಡು. ಮಾಲಕ ಪೇಟೆಯಿಂದ ಹೊಸ ರೆಕಾರ್ಡು ತರುವುದು, ಕ್ಲಾರಿಯೊನೆಟ್ಟಿನವರು ಎರಡು ಸಲ ಕೇಳಿ ಅರ್ಧ ಕಲಿಯುವುದು, ಉಳಿದರ್ಧವನ್ನು ಡ್ರಮ್ಮಿನವರು ಬಡಿದು ಮುಚ್ಚುವುದು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮಾಸ್ತರರ ಮೇಲಿನ ಹಲ್ಲು ಅಲುಗಾಡತೊಡಗಿದವು. ಕಾರ್ನೆಟ್ ನುಡಿಸುವವನಿಗೆ ಮುಂದಿನ ಹಲ್ಲೆಂದರೆ ಮನೆಯ ತೊಲೆ. ತುಟಿ ಅದರ ಮೇಲೆ ನಿಂತಿರುತ್ತದೆ. ಒಂದು ಹಲ್ಲು ಬಿತ್ತು, ಇನ್ನೊಂದು ಬಿತ್ತು. ಮೇಲಿನ ಸ್ವರಗಳು ಒಡೆಯತೊಡಗಿದವು. ಮಾಲಕ ಅವರನ್ನು ತಾಲೀಮು ಮನೆಗೆ ಕರೆಸಿದ. ನಾನು ಅಲ್ಲೇ ಬಾಸು ಒರೆಸುತ್ತಿದ್ದೆ.

“ಕಾಯ್ ಮಾಸ್ತರ್, ಈಗ ಬಾಯಿ ಗಾಳಿ ಬಿಡಾಕತ್ತೈತಲ್ಲರಿ,” ಎಂದ ಮಾಲಕ. “ನೀವು ಸುಮ್ಮ ಮುಂದ ನಿಂದರ್ರಿ. ಕಾರ್ನೆಟ್‌ದಾಗ ಒಂದೀಟ ಅರಿವಿ ಹಾಕಸ್ತೀನಿ. ಕ್ಲಾರಿಯೊನೆಟ್‌ದವ್ರು ಹಿಂದಿಂದ ಬಾರಸ್ತಾರ. ಜನಕ್ಕ ನಿಮ್ಮ ಮಾರಿ ಕಂಡ್ರ ಆತು.”

“ಮಾರಿ ಮನಿಯಾಗೂ ಐತ್ರಿ,” ಎಂದರು ಮಾಸ್ತರರು. “ಅದನ್ನ ನೋಡಾಕ ಕೊಲ್ಹಾಪುರಕ ಯಾಕ ಬರಬೇಕು? ಅರಿವಿ ಹಾಕೂದ ಆದ್ರ ನನ್ನ ಕೋಟ ತಗೊಂಡಬಿಡ್ರಿ.”

ಮಾಲಕನಿಗೆ ಕೋಟು ಬೇಕಿರಲಿಲ್ಲ, ಕೋಟಿನೊಳಗಿನ ಮುಖ ಬೇಕಿತ್ತು. ಕೊನೆಗೆ ಒಂದು ಮಾತಾಯಿತು. ವೈಶಾಖದಲ್ಲಿ ಗಡಹಿಂಗ್ಲಜದ ಒಬ್ಬ ಅಡತಿ ವ್ಯಾಪಾರಿಯ ಮನೆಯ ಮದುವೆ ಇತ್ತು. ಅಲ್ಲಿ ಹೆಣ್ಣೊಪ್ಪಿಸುವ ಹಾಡನ್ನು ಮಾಸ್ತರರು ಕೆಡಿಸದೆ ನುಡಿಸಿದರೆ ಅವರು ನುಡಿಸುವವರಾಗಿಯೇ ಉಳಿಯಬೇಕು. ಕೆಟ್ಟರೆ ಅರಿವೆ.

ನಾವಿಬ್ಬರೂ ರಂಕಾಳೆ ಕೆರೆಯ ದಂಡೆಯ ಮೇಲೆ ಬೆಳಗ್ಗೆ ಕೂಡತೊಡಗಿದೆವು. ದನದ ಮೈ ತೊಳೆಯುವವರು ನಮ್ಮನ್ನು ನೋಡಿ ನಗುತ್ತಿದ್ದರು.

“ಮೇಲಿನ ಸ್ವರ ಬಿಟ್ಟಬಿಡೂನು ತಮ್ಮಾ,” ಎಂದರು ಮಾಸ್ತರರು. “ಕೆಳಗಿನ ಸ್ವರದಾಗ ಹಾಡತೀನಿ. ಅಲ್ಲಿ ತುಟಿ ನಿಂದರತೈತಿ. ಆದ್ರ ಖರೇ ಅಂದ್ರ ಅಲ್ಲಿ ಸ್ವರದ ದಂಡಿ ನನಗ ಕಾಣಂಗಿಲ್ಲ. ನೀ ಸೂರ ಹಿಡದಿ ಅಂದ್ರ ಅದರ ಮ್ಯಾಲ ಕೈ ಊರಕೊಂಡ ಹೊಕ್ಕೀನಿ. ನೀ ಬಿಟ್ಟಿ ಅಂದ್ರ ನಾ ಬಿದ್ನಿ.”

“ಬಿಡಂಗಿಲ್ರಿ, ಮಾಸ್ತರ್ರ. ನಮ್ಮಪ್ಪ ಬಿಡಲಿಲ್ಲ, ನಾ ಬಿಡತೀನೇನ್ರಿ?”

“ನಿಮ್ಮಪ್ಪಗ ನಿನ್ನಷ್ಟ ಹೊಟ್ಟಿ ಇರಲಿಲ್ಲ ಬಿಡು,” ಎಂದು ನಕ್ಕರು. ನಗುವಾಗ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವುದನ್ನು ಆಗಲೇ ಕಲಿತಿದ್ದರು.

ಅದು ಕೂಡಿ ಬಂತು. ನಾನು ಅತಿಯಾಗಿ ಹೇಳುವವನಲ್ಲ. ತಗ್ಗಿದ ದನಿಯಲ್ಲಿ ಆ ಹಾಡು ಮೊದಲಿಗಿಂತ ಚೆನ್ನಾಗಿತ್ತು. ಮೊದಲು ಅದು ಕೇಳಿದವರನ್ನು ಅಳಿಸುತ್ತಿತ್ತು, ಈಗ ಹಾಡೇ ಅಳು ತಡೆದುಕೊಂಡಂತಿತ್ತು. ದನ ತೊಳೆಯುವವರು ನಗುವುದನ್ನು ನಿಲ್ಲಿಸಿದ್ದರು.

ಗಡಹಿಂಗ್ಲಜಕ್ಕೆ ಹೋಗುವ ಮುಂಚಿನ ದಿನ ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದವು, ಒಂದು ಕೊಲ್ಹಾಪುರದಲ್ಲಿ, ಇನ್ನೊಂದು ಇಚಲಕರಂಜಿಯಲ್ಲಿ. ಇಚಲಕರಂಜಿಯದು ಮಗ್ಗದ ಕಾರ್ಖಾನೆಯವರ ಮನೆ, ಅಲ್ಲಿ ಎಲ್ಲಕ್ಕಿಂತ ದೊಡ್ಡ ತುತ್ತೂರಿ ಕಾಣಲೇಬೇಕು. ಆದ್ದರಿಂದ ಮಾಲಕ ನನ್ನ ಬಾಸನ್ನು ಅಲ್ಲಿಗೆ ಕಳಿಸಿದ, ನನ್ನನ್ನು ಅಲ್ಲ. ನನಗೆ ಒಂದು ಸಣ್ಣ ಹಾರ್ನು ಕೊಟ್ಟು ಮಾಸ್ತರರ ಜೊತೆ ಕೊಲ್ಹಾಪುರದಲ್ಲೇ ಇಟ್ಟುಕೊಂಡ. ಮೌತ್‌ಪೀಸು ನನ್ನ ಜೇಬಿನಲ್ಲಿಯೇ ಇತ್ತು. ಅಲ್ಲಿ ಬಾಸು ಹೊತ್ತವನು ಒಬ್ಬ ಬರೀ ಕೋಟಿನವ, ಮಗ್ಗದ ಕೆಲಸಗಾರ, ದೊಡ್ಡ ಮೀಸೆಯವ. ಬೇರೆ ಯಾವುದೋ ಮೌತ್‌ಪೀಸು ಸಿಕ್ಕಿಸಿಕೊಂಡು ನಿಂತನಂತೆ. ಮಂಗಳಾಷ್ಟಕ ನಡೆಯುವಾಗ ಉಮೇದಿ ತಡೆಯದೆ ಒಮ್ಮೆ ಊದಿಬಿಟ್ಟನಂತೆ. “ಎಮ್ಮಿ ಈದಂಗ ಆತ್ರಿ, ಭಟ್ರ ಕೈಯಾಗಿನ ಅಕ್ಕಿಕಾಳ ಬಿದ್ದುವು,” ಎಂದು ಅಲ್ಲಿದ್ದ ಡ್ರಮ್ಮಿನವನು ಮರುದಿನ ಸಾಲು ನಿಲ್ಲುವ ಮುಂಚೆ ನನಗೆ ಹೇಳಿದ. ಅಷ್ಟೇ ಅವನು ಹೇಳಿದ್ದು. ಅದಾದ ಮೇಲೆ ಏನು ಮಾಡಿದರೆಂದು ಅವನು ಹೇಳಲಿಲ್ಲ, ನನಗೆ ಕೇಳಲು ಹೊಳೆಯಲೂ ಇಲ್ಲ.

ಇಚಲಕರಂಜಿಯ ತಂಡ ಅಲ್ಲಿಂದಲೇ ಗಡಹಿಂಗ್ಲಜಕ್ಕೆ ಬಂತು. ನಾವು ಕೊಲ್ಹಾಪುರದಿಂದ ಇದ್ದಲಿನ ಹೊಗೆಯಿಂದ ಓಡುವ ಮೋಟಾರಿನಲ್ಲಿ ಹೋದೆವು. ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ದಿಬ್ಬ ಬಂದಾಗ ಎಲ್ಲರೂ ಇಳಿದು ನೂಕುತ್ತಿದ್ದೆವು, ಹತ್ತುವಾಗ ಮೂಗಿನಲ್ಲಿ ಮಸಿ. ಮಾಸ್ತರರು ಮಾತ್ರ ತುಟಿಗೆ ಬೆಣ್ಣೆ ಸವರಿಕೊಂಡು, ಬಾಯಿಗೆ ವಸ್ತ್ರ ಕಟ್ಟಿಕೊಂಡು ಕುಳಿತಿದ್ದರು.

ಆ ಊರಿನ ಪದ್ಧತಿ ಹೀಗಿತ್ತು: ಊರ ವಾದ್ಯದವರು ಹೆಣ್ಣಿನ ಮನೆಯ ಬಾಗಿಲಲ್ಲಿ ತಮ್ಮ ಹಕ್ಕಿನ ಬಾಜಾ ಮುಗಿಸುವವರೆಗೆ ಹೊರಗಿನ ಬ್ಯಾಂಡಿನವರು ಒಂದು ಉಸಿರೂ ಊದಬಾರದು. ಸ್ವರ ಹೊಂದಿಸಿಕೊಳ್ಳುವಂತೆಯೂ ಇಲ್ಲ. ನಮ್ಮ ಸನಾದಿಯವರ ಮಾನ ಅದು, ನಾನು ಅದನ್ನು ಮುರಿಯುವವನಲ್ಲ. ಸಾಲು ನಿಂತಾಗ ಬಾಸನ್ನು ಗಾಡಿಯ ಮೇಲಿಂದ ಇಳಿಸಿ ನನ್ನ ತೋಳಿಗೆ ಕೊಟ್ಟರು. ನಾನು ಜೇಬಿನಿಂದ ಮೌತ್‌ಪೀಸು ತೆಗೆದು ಸಿಕ್ಕಿಸಿ ಕಾಯುತ್ತ ನಿಂತೆ.

ಇಳಿಹೊತ್ತು. ಸನಾದಿ ನಿಂತಿತು. ಹೆಣ್ಣು ಹೊಸ್ತಿಲಿನ ಮೇಲೆ ಬಂದು ನಿಂತಳು, ಹಿಂದೆ ತಾಯಿ. ಹೆಣ್ಣಿನ ಅಜ್ಜ, ಕೆಂಪು ರುಮಾಲಿನವರು, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಹೂಂ, ಮಾಸ್ತರ, ನಮ್ಮ ಕೂಸಿನ ಕಳಸ್ರಿ,” ಎಂದರು. ಮಾಸ್ತರರು ತಿರುಗಿ ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆದರು. ನಾನು ಊದಿದೆ.

ಗಾಳಿ ಹೋಗಲಿಲ್ಲ. ಅದನ್ನು ಸರಿಯಾಗಿ ಹೇಳಬೇಕೆಂದರೆ, ಗೋಡೆಗೆ ಬಾಯಿ ಹಚ್ಚಿ ಊದಿದಂತಾಯಿತು. ಉಸಿರು ತಿರುಗಿ ನನ್ನ ಕಿವಿಗೇ ಬಂತು. ಗುಂಡಿ ಒತ್ತಿದೆ, ಉಗುಳಿನ ನೀರು ಬಿಡುವ ಕೀಲಿ ತೆರೆದೆ, ಮತ್ತೆ ಊದಿದೆ. ಇಲ್ಲ. ಅಷ್ಟರಲ್ಲಿ ಮಾಸ್ತರರು ಹಾಡು ಎತ್ತಿಬಿಟ್ಟಿದ್ದರು.

ಮೊದಲನೆಯ ಸಾಲು ನಿಂತಿತು. ಎರಡನೆಯ ಸಾಲಿನ ನಡುವೆ ಅವರು ಕೆಳಗೆ ಸೂರಿಗಾಗಿ ತಡಕಿದ್ದು ನನಗೆ ಕೇಳಿಸಿತು, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ. ಸ್ವರ ಜಾರಿತು. ಅವರು ಅರ್ಧ ತಿರುಗಿ ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಮತ್ತೊಂದು ಸ್ವರ ಒಡೆದು ಬರೀ ಗಾಳಿಯಾಯಿತು. ಮಾಲಕ ಬದಿಯಿಂದ ಬೆರಳು ಎತ್ತಿದ. ಕೂಡಲೇ ಕ್ಲಾರಿಯೊನೆಟ್ಟಿನವರು ಸಿನಿಮಾ ಹಾಡು ಹಚ್ಚಿದರು, ಡ್ರಮ್ಮು ಬಿತ್ತು, ಬರೀ ಕೋಟಿನವರು ಗಲ್ಲ ಉಬ್ಬಿಸಿದರು. ಹೆಣ್ಣು ಹೊಸ್ತಿಲು ದಾಟಿದಳು. ಮಾಸ್ತರರು ಕಾರ್ನೆಟ್ಟನ್ನು ತುಟಿಯಿಂದ ತೆಗೆಯಲಿಲ್ಲ. ಮೆರವಣಿಗೆ ಮುಗಿಯುವವರೆಗೂ ಅದು ಅಲ್ಲಿಯೇ ಇತ್ತು. ಅವರ ಕತ್ತಿನ ನರ ಮಾತ್ರ ಅಲುಗಲಿಲ್ಲ.

ನನ್ನನ್ನು ಇಂದಿಗೂ ನಡುಗಿಸುವುದು ಅದಲ್ಲ. ನಮ್ಮನ್ನು ಬೀಳ್ಕೊಡುವ ಮುಂಚೆ ಅಜ್ಜ ಮಾಸ್ತರರನ್ನು ಎಲ್ಲರೆದುರು ಕರೆದು, ತೆಂಗಿನಕಾಯಿ ಕೊಟ್ಟು, ತಲೆಗೆ ರುಮಾಲು ಸುತ್ತಿದರು.

“ಏನ್ ಬಾರಿಸಿದ್ರಿ ಮಾಸ್ತರ! ಮದಲ ಅಳಸಿದ್ರಿ, ಒಮ್ಮೆಲೆ ಸಿನಿಮಾದ್ದ ಹಚ್ಚಿ ನಗಿಸಿದ್ರಿ. ನಿಮ್ಮ ದಮ್ಮ ಇನ್ನೂ ಭಾಳ ಐತ್ರಿ.”

ಅವರು ಕುಚೋದ್ಯ ಮಾಡುತ್ತಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಸುತ್ತಲಿದ್ದವರು ಹೌದ್ರಿ ಹೌದ್ರಿ ಎಂದರು. ಆ ಅಂಗಳದಲ್ಲಿ ಕಿವಿ ಇದ್ದವನು ಒಬ್ಬನಾದರೂ ಇದ್ದನೇ ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಊರ ಸನಾದಿಯವನು ಒಬ್ಬ, ಕಟ್ಟೆಯ ಕೆಳಗೆ ಕುಳಿತು, ನೆಲ ನೋಡುತ್ತಿದ್ದ.

ಮಾಲಕ ಬಂದು ಮಾಸ್ತರರ ಬೆನ್ನು ತಟ್ಟಿದ. “ನೋಡಿದ್ರಿಲ್ಲ? ಊದೂ ಜರೂರೇ ಇಲ್ಲ. ಸುಮ್ಮ ನನ್ನ ಕೂಡ ತಂಟೆ ಮಾಡತಿದ್ರಿ.”

“ಬಾಸಿಗಿ ಅರಿವಿ ತುರುಕಿದವ್ರು ಯಾರ?” ಎಂದೆ ನಾನು.

“ಅಯ್ಯ, ಇಚಲಕರಂಜ್ಯಾಗ ಹಾಕಿದ್ದು ತಗ್ಯಾಕ ಮರತ್ರು ನೋಡು,” ಎಂದ, ನಿಜವಾಗಿಯೇ ಮರೆತವನ ದನಿಯಲ್ಲಿ. “ಇರ್ಲಿ ಬಿಡೋ. ಆ ಭೋಂ ಭೋಂ ಯಾರಿಗ ಕೇಳತೈತಿ?”

ಬೇಕೆಂದೇ ಮಾಡಿದ್ದರೆ ನಾನು ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅವನು ಬೇಕೆಂದು ಮಾಡಿರಲಿಲ್ಲ, ಇದು ನನಗೆ ಖಾತ್ರಿ. ಬಾಸು ಊದುವ ವಾದ್ಯ ಎಂಬುದೇ ಅವನ ನೆನಪಿನಲ್ಲಿ ಇರಲಿಲ್ಲ.

ಕೊಲ್ಹಾಪುರದಲ್ಲಿ ತಾಮ್ರ ಹಿತ್ತಾಳೆಯ ಕೆಲಸದ ತಂಬಟಗಾರನೊಬ್ಬ ಕೊಳವೆ ಕಾಯಿಸಿ ಅರಗು ಕರಗಿಸಿ, ಕೊಕ್ಕೆಯಿಂದ ಅರಿವೆ ಎಳೆದ. ನಮ್ಮದೇ ಹಳೆಯ ಕೋಟಿನ ತೋಳು. ಉಗುಳಲ್ಲಿ ನೆಂದು ಕರ್ರಗಾಗಿತ್ತು, ಒಂದು ಗೇಣು ಜರತಾರಿ ಅಂಚು ಇನ್ನೂ ಅಂಟಿಕೊಂಡಿತ್ತು. ಅದರ ನಾತಕ್ಕೆ ತಂಬಟಗಾರ ಮೂಗು ಮುಚ್ಚಿಕೊಂಡ. ಮಾಸ್ತರರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

“ಮಾಸ್ತರ್ರ, ಇನ್ನೊಮ್ಮೆ ಕೇಳೂನ್ರಿ ಮಾಲಕಗ. ಇನ್ನೊಂದ ಲಗ್ನದಾಗ ನೋಡೂನು,” ಎಂದೆ.

“ಯಾರ ಕಿವಿಗಿ ನೋಡೂದು, ತಮ್ಮಾ?” ಎಂದರು. “ರುಮಾಲ ಸುತ್ತಿದ್ರಲ್ಲ. ಅದರ ಮ್ಯಾಲ ಏನ್ ಕೇಳ್ತಿ?”

ಅವರು ತಮ್ಮ ಮೌತ್‌ಪೀಸನ್ನು ಅರಿವೆಯಿಂದ ಬಿಚ್ಚಿ, ಒರೆಸಿ, ಬುಟ್ಟಿಯಲ್ಲಿ ಉಳಿದವುಗಳ ಜೊತೆ ಹಾಕಿದರು. ಮಾಲಕ ಕಾರ್ನೆಟ್ಟಿಗೆ ಅರಿವೆ ಹಾಕಿಸಿದ.

ಮುಂದೆ ಎರಡು ಹಂಗಾಮು ಅವರು ಮುಂದಿನ ಸಾಲಿನಲ್ಲಿ ನಿಂತರು. ಮನೆಯ ಬಾಗಿಲಿನಲ್ಲಿ ನಾವೆಲ್ಲ ದುಂಡಗೆ ನಿಲ್ಲುವಾಗ ಅವರ ಕೈ ನನಗೆ ನೇರ ಕಾಣುತ್ತಿತ್ತು. ಹೆಣ್ಣು ಹೊಸ್ತಿಲಿಗೆ ಬಂದ ಕೂಡಲೇ ಕ್ಲಾರಿಯೊನೆಟ್ಟಿನವರು ಆ ವರ್ಷದ ಸಿನಿಮಾ ಹಾಡು ಹಚ್ಚುತ್ತಿದ್ದರು. ಬರೀ ಕೋಟಿನವರ ಬೆರಳು ಎಲ್ಲೆಂದರಲ್ಲಿ ಕುಣಿಯುತ್ತಿದ್ದವು. ಮಾಸ್ತರರ ಬೆರಳು ಮಾತ್ರ ಗುಂಡಿಗಳ ಮೇಲೆ ನಿಧಾನವಾಗಿ, ಒಂದೂ ತಪ್ಪದೆ, ಹೆಣ್ಣೊಪ್ಪಿಸುವ ಹಾಡನ್ನೇ ಒತ್ತುತ್ತಿದ್ದವು. ಉಸಿರು ತೆಗೆಯುವಲ್ಲಿ ಎದೆ ಏಳುತ್ತಿತ್ತು. ನಾನು ಅದನ್ನು ನೋಡುತ್ತ, ನನ್ನ ಬಾಸಿನಲ್ಲಿ ಸಿನಿಮಾ ಹಾಡಿನ ಸೂರು ಹಿಡಿಯುತ್ತಿದ್ದೆ.