ಒಂದು ನೂಲಿನ ಸಂದು

ನಮ್ಮ ಇಳಕಲ್ಲಿನ ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲೇ ಅವರನ್ನು ಒಳಕೋಣೆಗೆ ಎಳೆದುಕೊಂಡು ಹೋಗುತ್ತಿದ್ದೆ. "ಖಾನಿ ಜಗ್ಗಿ ನೋಡ್ರಿ, ಒಂದ ಬೆರಳಿಲೆ ಜಗ್ರಿ" ಎನ್ನುತ್ತಿದ್ದೆ. ಗೋಡೆಯ ಗೂಡಿನೊಳಗೆ ನಾನೇ ಕೂರಿಸಿದ ಕಪಾಟು, ಅದಕ್ಕೆ ನಾನೇ ಮಾಡಿದ ಖಾನೆಗಳು. ಅವು ಹಿಂದೆ ಮುಂದೆ ಜಾರಲು ಅಂಗಡಿಯ ಕಬ್ಬಿಣದ ಚಾನಲ್ ಅಲ್ಲ, ಕಟ್ಟಿಗೆಯ ಪಟ್ಟಿ, ಅದೂ ನನ್ನ ಕೈಯದೇ. ಇಷ್ಟನ್ನೂ ಹೇಳುವಾಗ ನನ್ನ ಮೋರೆ ಹೇಗಿರುತ್ತಿತ್ತೋ, ನೆನೆಸಿಕೊಂಡರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಬಡಿಗತನ ನನಗೆ ಯಾರೂ ಕಲಿಸಿಲ್ಲ. ತವರಿನಲ್ಲೂ ಮಗ್ಗ, ಗಂಡನ ಮನೆಯಲ್ಲೂ ಮಗ್ಗ. ಮಾವನವರ ಕಾಲದ ಹಳೆಯ ಮಗ್ಗ ಬಿಚ್ಚಿದಾಗ ಅದರ ಕಟ್ಟಿಗೆಯನ್ನು ಅತ್ತೆ ನೀರೊಲೆಗೆ ಹಾಕಲು ಹೊರಟಿದ್ದರು, ಕಸಿದುಕೊಂಡೆ. ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಖಾನೆಯ ಎರಡೂ ಪಕ್ಕಕ್ಕೆ ಉದ್ದಕ್ಕೂ ಒಂದು ಕಾಲುವೆ ಕೊರೆಯಬೇಕು, ಕಪಾಟಿನ ಒಳಮೈಗೆ ಆ ಕಾಲುವೆಯಲ್ಲಿ ಕೂರುವಂಥ ಪಟ್ಟಿ ಹೊಡೆಯಬೇಕು, ಪಟ್ಟಿಯ ಮೇಲೆ ಖಾನೆ ಜಾರುತ್ತದೆ. ಇಷ್ಟೇ ತಾನೆ! ನಾನೇನು ಕೈಲಾಗದವಳೇ?

ಪಟ್ಟಿಗೂ ಕಾಲುವೆಗೂ ನಡುವೆ ಎಷ್ಟು ಸಂದು ಬಿಡಬೇಕೆಂಬುದೊಂದು ಗೊತ್ತಾಗಲಿಲ್ಲ, ವಿಡಿಯೊದವನ ಭಾಷೆ ಬೇರೆ. ಎದುರುಮನೆಯ ಚಾಚಾ ಬಡಿಗರು, ಅವರನ್ನು ಕೇಳಿದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡೇ, "ಒಂದ ನೂಲ ಬಿಡು ಬೇಟಿ, ಭಾಳ ಆತು" ಎಂದರು.

ನೂಲು! ನೇಕಾರರ ಮಗಳಿಗೆ ನೂಲೆಂದರೇನೆಂದು ಹೇಳಿಕೊಡಬೇಕೇ? ಕಂಡಿಕೆಯಿಂದ ಒಂದೆಳೆ ಬಿಚ್ಚಿ ಕಾಲುವೆಯಲ್ಲಿಟ್ಟು, ಮೇಲೆ ಪಟ್ಟಿ ಕೂರಿಸಿ, ಎಳೆ ಹರಿಯದೆ ಹೊರಬರುವಷ್ಟು ಪಟ್ಟಿಯನ್ನು ಉಸುಕಿನ ಕಾಗದದಿಂದ ಉಜ್ಜಿದೆ, ಉಜ್ಜಿದೆ, ರಟ್ಟೆ ಬೀಳುವತನಕ ಉಜ್ಜಿದೆ. ಮೇಣಬತ್ತಿ ಸವರಿದೆ. ಆ ಬೇಸಿಗೆಯಲ್ಲಿ ಖಾನೆಗಳು ಸರ್ರನೆ ಹೋಗಿ ಸರ್ರನೆ ಬಂದವು. "ಆತಲ್ಲ, ಇನ್ನ ಅದರ ಮುಂದ ಕುಂತ ಆರತಿ ಮಾಡು" ಎಂದು ಅತ್ತೆ ನಕ್ಕರು.

ಮಳೆಗಾಲಕ್ಕೆ ನಾದಿನಿಯ ಮದುವೆ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹುಡುಗ ಗುಡೂರಿನವನು, ಅವರದೂ ನೇಯುವ ಮನೆಯೇ. ನಮ್ಮಲ್ಲಿ ಗಂಡಿನ ಕಡೆಯವರು ಕೊಟ್ಟ ಸೀರೆಯುಟ್ಟೇ ಹುಡುಗಿ ಮಣೆಯ ಮೇಲೆ ಕೂರಬೇಕು. ಕುಪ್ಪಸ ಹೊಲಿಸಲೆಂದು ಹುಡುಗನ ತಾಯಿ ತಮ್ಮ ಕೈಯಾರೆ ನೇಯ್ದ ಸೀರೆಯನ್ನು ಮೊದಲೇ ಕಳಿಸಿದ್ದರು. ನಾದಿನಿ ಅದನ್ನು ಮೈಗೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತೇ ನಿಂತಳು. "ಇಲ್ಲಿ ಕೊಡು, ಹೊಲಸಾದೀತು" ಎಂದು ಇಸಿದುಕೊಂಡು ಮೇಲಿನ ಖಾನೆಯಲ್ಲಿ ಇಟ್ಟವಳು ನಾನು. ನಿಶ್ಚಯದ ತನಕ ಯಾರೂ ಅದಕ್ಕೆ ಕೈ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದವಳೂ ನಾನೇ.

ನಿಶ್ಚಯದ ಮುಂಜಾನೆ ಖಾನೆ ಜಗ್ಗಿದೆ. ಬರಲಿಲ್ಲ. ಮೇಲಿಂದ ಮೇಲೆ ಜಿಟಿಜಿಟಿ ಮಳೆ ಹಿಡಿದು ಗೋಡೆಯೆಲ್ಲ ತಣ್ಣಗೆ ಬೆವರಿತ್ತು. ಎರಡೂ ಕೈ ಹಾಕಿ ಜಗ್ಗಿದೆ. ಹಿಡಿಕೆ ಕಿತ್ತು ಕೈಗೆ ಬಂತು, ನಾನು ಹಿಂದಕ್ಕೆ ಬಿದ್ದೆ. ಕಟ್ಟಿಗೆ ತಂಪು ಕುಡಿದು ಉಬ್ಬಿ, ಪಟ್ಟಿ ಕಾಲುವೆಯಲ್ಲಿ ಬಿಗಿದು ಕೂತುಬಿಟ್ಟಿತ್ತು. ಗೋಡೆಯೊಳಗಿನ ಕಪಾಟು, ಹಿಂದಿನಿಂದ ಬಿಚ್ಚುವಂತೆಯೂ ಇಲ್ಲ. ಗಂಡ ಸುತ್ತಿಗೆ ತಂದರು. ಅತ್ತೆ, "ಹುಚ್ಚಪ್ಪಾ, ಒಡದ್ರ ಸೀರಿ ಹರದ ಹೋಕ್ಕೈತಿ!" ಎಂದು ಮಗನ ಕೈ ಹಿಡಿದರು. ಅಷ್ಟರಲ್ಲಿ ಗುಡೂರಿನವರ ಟೆಂಪೊ ಬಾಗಿಲಿಗೆ ಬಂತು.

ನಾದಿನಿ ನನ್ನದೊಂದು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಹುಡುಗನ ತಾಯಿ ಸೆರಗು ನೋಡಿದರು, ಮೋರೆ ಸಣ್ಣದಾಯಿತು. "ಯಾಕ್ರಿ, ನಮ್ಮ ಸೀರಿ ಮನಸಿಗೆ ಬರಲಿಲ್ಲೇನು?"

ಸುಮ್ಮನಿದ್ದರೆ ಸಂಬಂಧವೇ ಮುರಿಯುವ ಹಾಗಿತ್ತು. "ಹಂಗಲ್ರೀ ಯವ್ವಾ, ತಪ್ಪ ನಂದು, ಬರ್ರಿ ತೋರಸ್ತೇನಿ" ಎಂದು ಅವರ ಕೈ ಹಿಡಿದು ಒಳಗೆ ಕರೆದೊಯ್ದೆ. ಹಿಂದೆಯೇ ಮಂದಿಯೆಲ್ಲ ನುಗ್ಗಿ ಬಂತು. ಕಿತ್ತುಬಂದ ಹಿಡಿಕೆ ತೋರಿಸಿದೆ. ಹುಡುಗನ ತಾಯಿ ತಾವೂ ಒಮ್ಮೆ ಉಗುರು ಹಾಕಿ ಜಗ್ಗಿ, "ಸಂದ ಎಷ್ಟ ಬಿಟ್ಟೀಯವಾ?" ಎಂದರು.

"ಒಂದ ನೂಲ್ರಿ."

"ಎಷ್ಟನೇ ನಂಬರಿನ ನೂಲು?"

ಹಿಂದೆ ನಿಂತಿದ್ದ ಚಾಚಾ ಹಣೆ ಬಡಿದುಕೊಂಡರು. "ಯಾ ಅಲ್ಲಾ! ನಾ ಹೇಳಿದ್ದು ಬಡಿಗ್ಯಾರ ನೂಲು, ಬೇಟಿ. ಇಂಚಿಗೆ ಎಂಟ ನೂಲು! ನೀ ಸೀರಿ ನೂಲ ಹಿಡಿದೇನು?"

ಎಲ್ಲರೂ ಮನೆ ಹಾರಿಹೋಗುವಂತೆ ನಕ್ಕರು. ಹುಡುಗನ ತಾಯಿ ಬಾಯಿಗೆ ಸೆರಗೊತ್ತಿಕೊಂಡು ನಕ್ಕರು, ಅವರ ಮುನಿಸು ಎತ್ತಲೋ ಹೋಯಿತು. ಊರವರ ಮುಂದೆಲ್ಲ ಮೆರೆದಿದ್ದೆನಲ್ಲ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಒಳಗೊಳಗೆ ಸಮಾಧಾನ; ನನ್ನ ಮಾನ ಹೋದರೆ ಹೋಗಲಿ, ಹುಡುಗಿಯ ಸಂಬಂಧ ಉಳಿಯಿತು.

ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಖಾನೆ ತಾನಾಗಿಯೇ ಸಡಿಲಾಯಿತು. ಸೀರೆಗೆ ಏನೂ ಆಗಿರಲಿಲ್ಲ. ಹಿಗ್ಗಿನಿಂದ ಒಯ್ದು ನಾದಿನಿಯ ತೊಡೆಯ ಮೇಲಿಟ್ಟೆ. ಅವಳು ಮೊಬೈಲಿನಲ್ಲಿ ನಿಶ್ಚಯದ ಫೋಟೊ ನೋಡುತ್ತ ಕೂತಿದ್ದಳು. ಒಂದರಲ್ಲಿ ಮಣೆಯ ಮೇಲೆ ಅವಳೊಬ್ಬಳೇ, ಸುತ್ತಲಿನ ಜಮಖಾನೆಯೆಲ್ಲ ಖಾಲಿ.

"ನನ್ನ ಮ್ಯಾಲ ಇನ್ನೂ ಸಿಟ್ಟೇನು? ನಿನ್ನ ಅತ್ತಿಯವರೇನೂ ತಪ್ಪ ತಿಳಕೊಳ್ಳಲಿಲ್ಲಲ್ಲ" ಎಂದೆ.

"ಸಿಟ್ಟಿಲ್ಲ ವೈನಿ. ಅವತ್ತ ಎಲ್ಲಾರೂ ನಿಮ್ಮ ಖಾನಿ ನೋಡಾಕ ಒಳಗ ಹೋದ್ರು. ನಾ ಲಗ್ನಾ ಆಗೋ ಅವ್ರೂ ಹೋದ್ರು. ಫೋಟೊದಾಂವ ಬಿಟ್ಟರ ನನ್ನ ನೋಡವ್ರು ಯಾರೂ ಇರಲಿಲ್ಲ."

ಅಂದು ಅಷ್ಟು ಮಂದಿಯ ನಡುವೆ ನಿಂತಾಗ ಅವಳೊಬ್ಬಳು ಅಲ್ಲಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.